ಕಲ್ಲು ಹಾಕದ ಮೂಲೆ

ಸೊಸೆಯ ಮೇಲಿನ ಕರುಣೆಯಿಂದಲೇ ನನ್ನ ಅತ್ತೆ ಮನೆಯ ನೆಲಕ್ಕೆ ಫರಸಿ ಕಲ್ಲು ಹಾಸಿಸುತ್ತಿದ್ದಾರೆ ಎಂದು ಹುಮನಾಬಾದಿನ ನಮ್ಮ ಓಣಿಯ ಹೆಂಗಸರೆಲ್ಲ ನಂಬಿದ್ದರು. ನಾನೊಬ್ಬಳೇ ನಂಬಿರಲಿಲ್ಲ. ನನ್ನದು ಹುಟ್ಟಾ ಸಂಶಯದ ಬುದ್ಧಿ. ಹಾಲು ತಂದವಳ ಕೈ ಒದ್ದೆಯಿದ್ದರೆ ನೀರು ಬೆರೆಸಿದ್ದಾಳೆ ಅನ್ನುವವಳು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು, ನಾನು ಮದುವೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಎಂಟು ಅಂಕಣದ ಮಣ್ಣಿನ ನೆಲವನ್ನು ವಾರಕ್ಕೆರಡು ಸಲ ಮೊಣಕಾಲೂರಿ ಸೆಗಣಿಯಿಂದ ಸಾರಿಸುತ್ತಿದ್ದೆ. ಒಮ್ಮೆಯೂ ದಣಿದೆಯಾ ಎಂದು ಕೇಳದವರಿಗೆ ಈಗೇಕೆ ನನ್ನ ಮೊಣಕಾಲಿನ ಚಿಂತೆ?

ನನ್ನ ಭಯ ಬೇರೆಯೇ ಇತ್ತು. ಎರಡು ವರ್ಷದ ಹಿಂದೆ, ತವರಿಗೆ ಕಳಿಸುವ ಮೊದಲೇ, ಏಳು ತಿಂಗಳಿಗೆ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಜ್ವರದಲ್ಲಿ ನನಗೆ ಎಚ್ಚರವಿರಲಿಲ್ಲ. ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಹೊಲಕ್ಕ ಒಯ್ದೇವಿ," ಎಂದಷ್ಟೇ ಅತ್ತೆ ಹೇಳಿದರು. ಗಂಡೋ ಹೆಣ್ಣೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಮೇಲೆ ಮತ್ತೆ ಬಸಿರಾಗಲಿಲ್ಲ. ಒಬ್ಬನೇ ಮಗನಿರುವ ಮನೆಯಲ್ಲಿ ಮುಂದೇನಾಗುತ್ತದೆ ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇನ್ನೊಬ್ಬಳನ್ನು ತರುತ್ತಾರೆ.

ಕಲ್ಯಾಣದಲ್ಲಿ ಅತ್ತೆಯ ನೆಂಟರೊಬ್ಬರು ಹೊಸದಾಗಿ ಫರಸಿ ಹಾಕಿಸಿದ್ದರು. ಅದನ್ನು ನೋಡಲು ಅತ್ತೆ ಹೋಗಿಬಂದರು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಹೊರಟರು. ಕಲ್ಯಾಣ ನನ್ನ ತವರು, ಆ ಮನೆ ನನಗೆ ಗೊತ್ತು. ಅಲ್ಲಿ ಫರಸಿಯ ಜೊತೆಗೆ ಮದುವೆಯ ವಯಸ್ಸಿಗೆ ಬಂದ ಒಬ್ಬ ಮಗಳೂ ಇದ್ದಳು. ಒಮ್ಮೆ ನೋಡಿದ ಕಲ್ಲನ್ನು ಎರಡನೆಯ ಸಲ ಯಾರು ನೋಡುತ್ತಾರೆ? ಗಂಡನನ್ನು ಕೇಳಿದರೆ, "ಅವ್ವಗ ಕೇಳು," ಎಂದು ಅಂಗಡಿಗೆ ಹೋದರು. ಇವರಿಗೂ ಗೊತ್ತು ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಶಹಾಬಾದಿನಿಂದ ಬಂಡಿಗಳಲ್ಲಿ ಕಲ್ಲು ಬಂತು. ಅತ್ತೆ ಗುಂಡುಕಲ್ಲಿನಿಂದ ಒಂದೊಂದನ್ನೂ ತಟ್ಟಿ ನೋಡಿದರು. ಠಣ್ ಎಂದದ್ದು ಒಳಗೆ, ಬದ್ ಎಂದದ್ದು ಬದಿಗೆ. ನನ್ನನ್ನೂ ಹೀಗೇ ತಟ್ಟಿ ನೋಡಿ ಬದಿಗಿಟ್ಟಿದ್ದಾರೆ ಅನ್ನಿಸಿತು.

ಸಿಮೆಂಟು ಸಿಗದ ಕಾಲವಾದ್ದರಿಂದ ಗೌಂಡಿ ಸುಣ್ಣದ ಗಚ್ಚಿನಲ್ಲೇ ಕಲ್ಲು ಕೂರಿಸುತ್ತ ಬಂದ. ಪಡಸಾಲೆ ಮುಗಿಯಿತು, ಅಡುಗೆಮನೆ ಮುಗಿಯಿತು. ಹೆರಿಗೆಯ ಕೋಣೆಯಾದ ಬಾಣಂತಿ ಖೋಲಿಗೆ ಬಂದಾಗ ಅತ್ತೆ ಮೂಲೆಯಲ್ಲಿ ಮಣೆ ಹಾಕಿಕೊಂಡು ಕುಳಿತುಬಿಟ್ಟರು.

"ಈ ಮೂಲಿ ಬಿಟ್ಟು ಹಾಕು."

"ಅವ್ವಾರ, ಎರಡು ಕಲ್ಲಿಂದು ಜಾಗಾ ಅದರಿ. ಬಿಟ್ರ ಕೆಲಸ ಅರ್ಧಾ ಬಿಟ್ಟಂಗ ಕಾಣ್ತದ."

"ಕಾಣಲಿ. ನಾಳಿ ಬಾಣಂತಿಗಿ ನೀರು ಹಾಕಾಕ ತಗ್ಗು ಎಲ್ಲಿ ತೋಡೋದು?"

ನಮ್ಮ ಕಡೆ ಬಾಣಂತಿಯ ಸ್ನಾನ ಖೋಲಿಯೊಳಗೇ, ನೆಲದಲ್ಲಿ ತೋಡಿದ ತಗ್ಗಿನ ಮೇಲೆ. ಅದಕ್ಕೆ ಮಣ್ಣು ಬೇಕು, ನಿಜ. ಆದರೆ ಯಾವ ಬಾಣಂತಿ? ಈ ಮನೆಗೆ ಹೆಣ್ಣುಮಕ್ಕಳಿಲ್ಲ. ನನಗೆ ಮಕ್ಕಳಾಗುವ ಆಸೆಯನ್ನಂತೂ ಎಲ್ಲರೂ ಬಿಟ್ಟಿದ್ದರು. ನಾನು ಒಳಗೆ ಹೋಗಿ ನಾಲ್ಕು ಸೀರೆ ಗಂಟು ಕಟ್ಟಿದೆ. ಗೌಂಡಿ ಉಣ್ಣಲು ಹೋದ ಹೊತ್ತಿಗೆ ಗಂಟು ಹಿಡಿದೇ ಅತ್ತೆಯ ಮುಂದೆ ನಿಂತೆ.

"ಅತ್ತಿ, ಕಲ್ಯಾಣದಾಕಿ ಯಾವಾಗ ಬರ್ತಾಳರಿ? ಹೇಳಿಬಿಡ್ರಿ, ನಾ ಹೋಗ್ತೀನಿ."

"ಯಾವ ಕಲ್ಯಾಣದಾಕಿ?" ಎಂದರು. ನನ್ನ ಕೈಯಲ್ಲಿದ್ದ ಗಂಟು ನೋಡಿದರು.

"ಕಲ್ಯಾಣದವರು ಬಾಣಂತಿ ಖೋಲ್ಯಾಗೂ ಪೂರಾ ಕಲ್ಲು ಹಾಕ್ಯಾರ. ಅದನ್ನ ನೋಡಿ ಅಂಜಿಕಿ ಬಂತು. ಹಂಗ ಹಾಕಬಹುದೇನು ಅಂತ ಅವರ ಮುದುಕಿಗಿ ಕೇಳಾಕ ಮತ್ತ ಹೋಗಿದ್ದೆ. ಅವರ ಮನ್ಯಾಗ ಹಂತಾದ್ದು ಏನೂ ಇಲ್ಲ, ಆಕಿಗಿ ಗೊತ್ತಿಲ್ಲ."

"ಹಂತಾದ್ದು ಅಂದ್ರ?"

"ನಿನ್ನ ಕೂಸಿಗಿ ಹೊಲಕ್ಕ ಒಯ್ದಿದ್ದಿಲ್ಲ. ನಾಯಿ ನರಿ ತೋಡ್ತಾವಂತ ನಾನೇ ಇಲ್ಲಿ ಇಟ್ಟೇನಿ. ಮನ್ಯಾಗಿದ್ರ ಕೂಸು ಅದೇ ತಾಯಿ ಹೊಟ್ಟಿಗಿ ಹೊರಳಿ ಬರ್ತದಂತ ನಮ್ಮವ್ವ ಹೇಳ್ತಿದ್ಲು. ಮ್ಯಾಲ ಕಲ್ಲು ಹಾಕಿದ್ರ ಹ್ಯಾಂಗ ಬರ್ತದ?"

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎರಡು ವರ್ಷ ವಾರಕ್ಕೆರಡು ಸಲ ಆ ಮೂಲೆಯನ್ನು ನಾನೇ ತಿಕ್ಕಿ ತಿಕ್ಕಿ ಸಾರಿಸಿದ್ದೆ, ಈ ಮುದುಕಿಯನ್ನು ಬೈದುಕೊಳ್ಳುತ್ತ. ಆಗೆಲ್ಲ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೆಲಸಕ್ಕೆ ಕಾವಲು ನಿಂತಿದ್ದಾರೆ ಎಂದೇ ನಾನು ತಿಳಿದಿದ್ದೆ.

"ಏನಿತ್ತರಿ?" ಎಂದು ಕೇಳಿದೆ.

"ಹೆಣ್ಣು. ಮೂಗು ನಿಂದೇ ಇತ್ತು."

ಗೌಂಡಿ ಬಂದು ಮೂಲೆ ಬಿಟ್ಟು ಉಳಿದ ಕೆಲಸ ಮುಗಿಸಿದ. ಮುಂದಿನ ಸೋಮವಾರ ಇಡೀ ಮನೆಯನ್ನು ಒದ್ದೆ ಅರಿವೆಯಲ್ಲಿ ಒರೆಸಿದ್ದೇ ಸಾಕಾಯಿತು. ಕೊನೆಗೆ ಖೋಲಿಗೆ ಬಂದೆ. ಅತ್ತೆ ಸೆಗಣಿಯ ಬುಟ್ಟಿಯನ್ನು ಮೊದಲೇ ತಂದಿಟ್ಟಿದ್ದರು. ಎರಡು ಕಲ್ಲಿನಷ್ಟು ಜಾಗ. ಆ ದಿನ ನಾನು ಕೈ ಹಗುರ ಮಾಡಿ ಸಾರಿಸಿದೆ.