ಚೆಲ್ಲಬೇಕಾದ ಸಾರು

ಡಯಾಲಿಸಿಸ್ ಶುರುವಾದ ಮೊದಲ ವಾರದಲ್ಲೇ ಆಸ್ಪತ್ರೆಯ ಡಯಟೀಷಿಯನ್ ಮೇಡಂ ನನ್ನ ಹೆಂಡತಿಗೆ, "ಇನ್ಮೇಲೆ ನೀವು ಕೋಳಿ ತಿನ್ಬೇಕಮ್ಮಾ, ಪ್ರೋಟೀನ್ ಚೆನ್ನಾಗಿ ಹೋಗ್ಬೇಕು" ಎಂದರು. ಅವಳು ನನ್ನ ಕಡೆ ತಿರುಗಿ ನಕ್ಕುಬಿಟ್ಟಳು. ಹಿಂದಿನ ವರ್ಷಗಳಲ್ಲಿ, ಕಿಡ್ನಿ ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿದ್ದಾಗ, ಮಾಂಸ ಮುಟ್ಟಬೇಡಿ ಎಂದು ಇದೇ ಆಸ್ಪತ್ರೆಯಲ್ಲಿ ಹೇಳಿಸಿಕೊಂಡಿದ್ದೆವು. ಈಗ ಕಿಡ್ನಿ ಪೂರ್ತಿ ಕೈಕೊಟ್ಟಿತ್ತು. ರಕ್ತ ತೊಳೆಯುವ ಯಂತ್ರ ಕೆಟ್ಟದ್ದರ ಜೊತೆಗೆ ಒಳ್ಳೆಯದನ್ನೂ ಒಂದಿಷ್ಟು ಎಳೆದುಕೊಂಡು ಹೋಗುತ್ತದೆ, ಅದನ್ನು ಊಟದಲ್ಲಿ ತುಂಬಿಕೊಡಬೇಕು ಎಂದು ಮೇಡಂ ವಿವರಿಸಿದರು.

"ನೋಡಿದ್ಯಾ ಮಾವ, ಕಿಡ್ನಿ ಹೋದ್ಮೇಲೆ ಕೋಳಿ ವಾಪಸ್ ಬಂತು" ಎಂದಳು ಅವಳು, ಆಟೋ ಹತ್ತುವಾಗ.

ಅವಳಿಗೆ ನಾನು ಹುಟ್ಟಿನಿಂದಲೇ ಮಾವ. ನನ್ನ ದೊಡ್ಡಕ್ಕನ ಮಗಳು ಅವಳು. ನಮ್ಮ ಕಡೆ ಅಕ್ಕನ ಮಗಳನ್ನು ಮನೆಗೆ ತಂದುಕೊಳ್ಳುವುದು ಆಗೆಲ್ಲ ಸಹಜವಾಗಿತ್ತು. ಮದುವೆಯಾದ ಮೇಲೂ 'ಮಾವ' ಬದಲಾಗಲಿಲ್ಲ, 'ನೀನು' ಹೋಗಿ 'ನೀವು' ಬರಲಿಲ್ಲ. ಹೀಗಾಗಿ ನನ್ನ ಅಕ್ಕನೇ ನನಗೆ ಅತ್ತೆ. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅಕ್ಕನೇ. ನಮಗೆ ಮಕ್ಕಳಾಗಲಿಲ್ಲ. ಅಟ್ಟೂರಿನ ಲೇಔಟಿನಲ್ಲಿ ಒಂದು ಮನೆ, ಯಲಹಂಕದ ಹೈಸ್ಕೂಲೊಂದರಲ್ಲಿ ನನ್ನ ವಿಜ್ಞಾನದ ಮೇಷ್ಟ್ರುಗಿರಿ, ಭಾನುವಾರ ಅವಳು ಮಾಡುವ ಕೋಳಿಸಾರು, ಮುದ್ದೆ. ಬದುಕು ಇಷ್ಟರಲ್ಲೇ ತುಂಬಿಕೊಂಡಿತ್ತು. ಕಿಡ್ನಿ ಕೊಡಲು ನಾನೂ ಅಕ್ಕನೂ ಮುಂದೆ ಬಂದೆವು. ನನಗೆ ಸಕ್ಕರೆ ಕಾಯಿಲೆ, ಅಕ್ಕನಿಗೆ ವಯಸ್ಸಾಗಿದೆ ಎಂದು ಡಾಕ್ಟರು ಇಬ್ಬರನ್ನೂ ಬೇಡವೆಂದರು.

ಒಲೆಯ ಮುಂದೆ ನಿಲ್ಲುವ ಶಕ್ತಿ ಅವಳಿಗೆ ಇಲ್ಲದ್ದರಿಂದ ಅಡುಗೆ ನನ್ನ ಪಾಲಿಗೆ ಬಂತು. ಬೋರ್ಡಿನ ಮೇಲೆ ಪ್ರೋಟೀನು, ಕೊಬ್ಬು, ಲವಣ ಎಂದು ಬರೆದು ಬರೆದು ಕೈ ಸವೆಸಿದ್ದ ನನಗೆ ಈರುಳ್ಳಿ ಹೆಚ್ಚಲು ಬರುತ್ತಿರಲಿಲ್ಲ. ಮೇಡಂ ಹೇಳಿಕೊಟ್ಟಿದ್ದು ಹೀಗೆ: ಚರ್ಮ ತೆಗೆಸಿದ ಕೋಳಿಯನ್ನು ಸಣ್ಣ ತುಂಡು ಮಾಡಿಸಿ, ನೀರಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ, ಹೊಸ ನೀರಲ್ಲಿ ಇನ್ನೊಮ್ಮೆ ಬೇಯಿಸಿ, ಅದನ್ನೂ ಚೆಲ್ಲಬೇಕು. ಪೊಟ್ಯಾಸಿಯಂ, ರಂಜಕ ಎರಡೂ ಆ ನೀರಿಗಿಳಿಯುತ್ತವೆ. ಕಿಡ್ನಿ ಇಲ್ಲದ ದೇಹ ಅವನ್ನು ಹೊರಗೆ ಹಾಕಲಾರದು, ಹೆಚ್ಚಾದರೆ ಎದೆಬಡಿತವೇ ತಪ್ಪಬಹುದು. ಮೇಲಾಗಿ ಸಾರೂ ನೀರೇ. ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಕೊಟ್ಟವರಿಗೆ ಒಂದು ಬಟ್ಟಲು ಸಾರು ಎಂದರೆ ಅರ್ಧ ದಿನದ ಬಾಯಾರಿಕೆಗೆ ಉಳಿಸಿಕೊಂಡ ನೀರು. ಉಪ್ಪಂತೂ ಬೆರಳ ತುದಿಗೆ ಅಂಟಿದಷ್ಟು.

ಅವಳು ಮೊದಲ ತುಂಡು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು.

"ಮಾವ, ಇದು ಕೋಳಿ ಅಲ್ಲ, ಹತ್ತಿ."

"ಪ್ರೋಟೀನ್ ಪೂರ್ತಿ ಇದೆ ಕಣೇ."

"ಇರಬಹುದು. ಹತ್ತೀಲೂ ಏನೋ ಇರುತ್ತೆ."

ಆಮೇಲೆ ನಾನು ಒಂದೊಂದು ಬಗೆಯನ್ನೂ ಲೆಕ್ಕ ಹಾಕತೊಡಗಿದೆ. ಸ್ಕೂಲಿನಿಂದ ಬರುವ ದಾರಿಯಲ್ಲಿ ಕಬಾಬಿನ ಗಾಡಿಗಳ ಮುಂದೆ ನಿಂತು ಯೋಚಿಸುತ್ತಿದ್ದೆ. ಎಣ್ಣೆಯಲ್ಲಿ ಕರಿದದ್ದರಲ್ಲಿ ಕೊಬ್ಬು ಏರುತ್ತದೆ, ಕಲಸಿದ ಹಿಟ್ಟಿನಲ್ಲೇ ಉಪ್ಪಿರುತ್ತದೆ. ತಂದೂರಿಯಲ್ಲಿ ಎಣ್ಣೆ ಕಡಿಮೆ, ಆದರೆ ಮೊಸರು, ಮಸಾಲೆ, ಉಪ್ಪು ಒಳಗಿನವರೆಗೂ ಇಳಿದಿರುತ್ತವೆ. ಸುಟ್ಟ ಕೋಳಿಯಲ್ಲಿ ಬೇಯಿಸಿದ್ದಕ್ಕಿಂತ ಪ್ರೋಟೀನು ಜಾಸ್ತಿ ಎಂದು ಎಲ್ಲೋ ಓದಿ ಹಿಗ್ಗಿದ್ದೆ. ಸಮಾಧಾನದಿಂದ ಕೂತು ಯೋಚಿಸಿದಾಗ ತಿಳಿಯಿತು, ಬೆಂಕಿಗೆ ನೀರು ಆರಿ ತೂಕ ಇಳಿದಿರುವುದರಿಂದ ಹಾಗೆ ಕಾಣುತ್ತದೆ, ಅಷ್ಟೆ. ಒಂದು ತುಂಡಿನಲ್ಲಿ ಇದ್ದದ್ದು ಹೇಗೆ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಲ್ಲ ಬಗೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವಳಿಗೆ ಒಗ್ಗುವುದು ಆ ಹತ್ತಿಯೊಂದೇ ಆಗಿತ್ತು.

ಅಷ್ಟರಲ್ಲಿ ಒಂದು ಭಾನುವಾರ ಅಕ್ಕ ಹೆಸರಘಟ್ಟದ ಕಡೆಯ ತನ್ನ ಊರಿನಿಂದ ಬಸ್ಸಿನಲ್ಲಿ ಬಂದಳು. ಬುಟ್ಟಿಯಲ್ಲಿ ನಾಟಿಕೋಳಿ. ಬಸ್ಸಿಳಿದು ಮನೆಯವರೆಗೆ ನಡೆದು ಬಂದ ಸುಸ್ತನ್ನೂ ಲೆಕ್ಕಿಸದೆ, ನೇರ ಹಿತ್ತಲಿಗೆ ಹೋಗಿ ಕೋಳಿ ಕುಯ್ದು, ಅರಿಸಿನ ಸವರಿ ಸುಟ್ಟು, ಮಸಾಲೆ ಅರೆದು ಒಲೆ ಹೊತ್ತಿಸಿದಳು. ಮನೆಯೆಲ್ಲ ಘಮ್ಮೆಂದಿತು. ಮಲಗಿದ್ದ ಇವಳು ಎದ್ದು ಕೂತಳು. ನಾನು ಅಡುಗೆಮನೆಗೆ ಹೋಗಿ, "ಅಕ್ಕ, ಅವಳಿಗೆ ಸಾರು ಕೊಡೋ ಹಾಗಿಲ್ಲ. ತುಂಡನ್ನ ಬೇರೆ ಬೇಯಿಸಿ ನೀರು ಚೆಲ್ಬೇಕು" ಎಂದೆ.

ಅಕ್ಕ ಸೌಟು ಹಿಡಿದೇ ತಿರುಗಿದಳು. "ಸತ್ವ ಇರೋದೇ ರಸದಲ್ಲಿ ಕಣೋ! ಬಾಣಂತೀರಿಗೆ ಏನ್ ಕೊಡ್ತೀವಿ? ಜ್ವರ ಬಿಟ್ಟೋರಿಗೆ ಏನ್ ಕೊಡ್ತೀವಿ? ಅದನ್ನೇ ಚೆಲ್ಬುಟ್ಟು ಸಿಪ್ಪೆ ತಿನ್ನಿಸ್ತಿದ್ದೀಯಲ್ಲೋ, ಅದ್ಕೇ ಇವ್ಳು ಇಂಗಾಗವ್ಳೆ."

"ರಸದಲ್ಲಿ ಪ್ರೋಟೀನ್ ಇರೋದು ಕಡಿಮೆ ಅಕ್ಕ. ಅದರಲ್ಲಿರೋದು ಅವಳಿಗೆ ವಿಷ ಆಗುತ್ತೆ."

ವಿಷ ಎಂಬ ಮಾತು ನನ್ನ ಬಾಯಿಂದ ಬರಬಾರದಿತ್ತು. ಅಕ್ಕನ ಮುಖ ಇಷ್ಟೇ ಇಷ್ಟಾಯಿತು. "ನಾನ್ ಎತ್ತ ಮಗೀಗೆ ನಾನೇ ಇಸ ಆಕ್ತೀನಾ?" ಎಂದವಳು ಸೌಟು ಕೆಳಗಿಟ್ಟು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಆ ದಿನ ಆ ಸಾರನ್ನು ಯಾರೂ ಉಣ್ಣಲಿಲ್ಲ.

ಮಾರನೆಯ ದಿನ ಡಯಾಲಿಸಿಸ್ ಇತ್ತು. "ಅಮ್ಮನ್ನೂ ಕರ್ಕೊಂಡ್ ಹೋಗೋಣ ಮಾವ. ಅವಳು ನೋಡ್ಲಿ" ಎಂದಳು ಇವಳು. ಹೆಬ್ಬಾಳದ ಹತ್ತಿರದ ಆ ಆಸ್ಪತ್ರೆಯಲ್ಲಿ ಒಳಗೆ ಒಬ್ಬರನ್ನು ಸ್ವಲ್ಪ ಹೊತ್ತು ಬಿಡುತ್ತಿದ್ದರು. ಅಕ್ಕ ಒಳಗೆ ಹೋದಳು. ತೋಳಿಗೆ ದಪ್ಪ ಸೂಜಿಗಳನ್ನು ಚುಚ್ಚಿ, ಒಂದು ಕೊಳವೆಯಲ್ಲಿ ರಕ್ತ ಹೊರಗೆ ಬಂದು, ಯಂತ್ರದೊಳಗೆ ಸುತ್ತಿ, ಇನ್ನೊಂದು ಕೊಳವೆಯಲ್ಲಿ ಒಳಗೆ ಹೋಗುವುದನ್ನು ಮಗಳ ಕಾಲ ಬಳಿ ನಿಂತು ನೋಡಿದಳು. ಹೊರಗೆ ಬಂದವಳು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ದಿನ ಬುಟ್ಟು ದಿನ ಇಂಗೇನಾ?" ಎಂದು ಕೇಳಿದಳು. ಹೂಂ ಎಂದೆ. "ಅಂಗಾದ್ರೆ ನೀರ್ ಎಂಗ್ ಚೆಲ್ಬೇಕು, ತೋರ್ಸು" ಎಂದಳು.

ಅಕ್ಕ ಊರಿಗೆ ವಾಪಸು ಹೋಗಲಿಲ್ಲ, ನಮ್ಮಲ್ಲೇ ಉಳಿದಳು. ಬೆಂದ ನೀರನ್ನು ಬಸಿಯುವಾಗ ಪ್ರತಿ ಸಲವೂ ಅವಳ ಬಾಯಲ್ಲಿ ಏನೋ ಗೊಣಗು. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಬಸಿದ ತುಂಡುಗಳನ್ನು ಬಿಡಿಬಿಡಿಯಾಗಿ ಹಿಂಜಿ, ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು, ಈರುಳ್ಳಿ, ಶುಂಠಿ, ಕುಟ್ಟಿದ ಮೆಣಸು ಹಾಕಿ ಬಾಡಿಸಿ, ಇಳಿಸುವಾಗ ಚೂರು ನಿಂಬೆರಸ ಹಿಂಡುತ್ತಿದ್ದಳು. ಉಪ್ಪಿಲ್ಲದ್ದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಮೊದಲ ಸಲ ಅದನ್ನು ತಿಂದಾಗ ಇವಳು ತಟ್ಟೆಯಿಂದ ಕಣ್ಣೆತ್ತದೆ, "ಅಮ್ಮ, ಇನ್ನೊಂಚೂರು" ಎಂದಳು. ಅಕ್ಕ ಬಡಿಸಿ, ಒಳಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯತೊಡಗಿದಳು.

ಆ ಚಳಿಗಾಲ ನಮಗೆ ಒಳ್ಳೆಯದೇ ಆಗಿತ್ತು ಎನ್ನಬೇಕು. ರಕ್ತಪರೀಕ್ಷೆಗಳು ಒಂದಿಷ್ಟು ಸುಧಾರಿಸಿದವು. ಸಂಜೆ ಮೂವರೂ ಅಟ್ಟೂರು ಕೆರೆಯ ಕಡೆ ನಿಧಾನ ನಡೆದು ಬರುತ್ತಿದ್ದೆವು. ಅವಳಿಗೆ ಬೇರೆ, ನಮಗೆ ಬೇರೆ ಎಂದು ಅಡುಗೆ ಮಾಡುವುದು ಮನಸ್ಸಿಗೆ ಒಗ್ಗದೆ ನಾನೂ ಅಕ್ಕನೂ ಅವಳ ಸಪ್ಪೆಯನ್ನೇ ತಿನ್ನುತ್ತಿದ್ದೆವು. ಬೇಡವೆಂದು ಅವಳು ಜಗಳವಾಡಿದರೂ ಕೇಳಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಅವಳ ಹಸಿವೇ ಸತ್ತಿತು. ಮಾಂಸ ಕಂಡರೆ ಮುಖ ತಿರುಗಿಸುವಳು. ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗಿದೆ ಎನ್ನುವಳು. ಮೊಟ್ಟೆಯ ಬಿಳಿ ಎಂದೆವು, ಮೀನು ಎಂದೆವು. ಅವಳು ನಮ್ಮ ಸಮಾಧಾನಕ್ಕೆ ಒಂದು ತುತ್ತು ತಿಂದು, ಆಮೇಲೆ ಬಚ್ಚಲಿಗೆ ಹೋಗುವಳು. ಯಂತ್ರದ ಮೇಲಿರುವಾಗ ರಕ್ತದೊತ್ತಡ ಕುಸಿಯತೊಡಗಿತು. ಒಂದು ದಿನ ರಕ್ತಪರೀಕ್ಷೆಯ ವರದಿ ತರಲು ನಾನೊಬ್ಬನೇ ಹೋಗಿದ್ದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಪಥ್ಯ ಅಂತ ತುಂಬಾ ಹಿಂಸೆ ಮಾಡ್ಬೇಡಿ. ಅವರಿಗೆ ಏನಿಷ್ಟಾನೋ ಅದನ್ನ ಕೊಡಿ" ಎಂದರು. ನಾನು ತಲೆಯಾಡಿಸಿ ಹೊರಗೆ ಬಂದೆ. ಮೇಲುಸೇತುವೆಯ ಕೆಳಗೆ ಬಸ್ಸಿಗೆ ಕಾಯುತ್ತಾ ನಿಂತವನಿಗೆ ಆ ಮಾತಿನ ಅರ್ಥ ಮೆಲ್ಲಗೆ ತಿಳಿಯುತ್ತಾ ಹೋಯಿತು. ನಮ್ಮ ಬಸ್ಸು ಬಂತು, ಹೋಯಿತು. ನನಗೆ ಹತ್ತಲು ಆಗಲಿಲ್ಲ.

ಅಕ್ಕನಿಗೆ ಹೇಗೆ ಹೇಳುವುದೆಂದು ಒದ್ದಾಡುತ್ತಾ ಮನೆಗೆ ಬಂದೆ. "ಇನ್ಮೇಲೆ ಏನ್ ಬೇಕಾದ್ರೂ ಕೊಡ್ಬಹುದಂತೆ ಅಕ್ಕ" ಎಂದಷ್ಟೇ ಹೇಳಿದೆ. ಅಕ್ಕನಿಗೆ ಇನ್ನೇನೂ ಹೇಳಬೇಕಾಗಲಿಲ್ಲ. ಬಸಿಯುತ್ತಿದ್ದ ಪಾತ್ರೆಯನ್ನು ಹಾಗೇ ಕೆಳಗಿಟ್ಟಳು.

ಹೆಂಡತಿಯನ್ನು ಕೇಳಿದೆ, "ಏನ್ ಮಾಡಿಕೊಡ್ಲಿ ಹೇಳು. ಕಬಾಬ್ ತರ್ಲಾ? ಬಿರಿಯಾನಿ?"

"ನಂಗೇನೂ ಬೇಡ ಮಾವ" ಎಂದಳು. ಆಮೇಲೆ, "ಅಮ್ಮ ನಾಟಿಕೋಳಿ ಸಾರು ಮಾಡ್ಲಿ. ಮುದ್ದೆ ಮಾಡ್ಲಿ. ನೀವಿಬ್ರೂ ನನ್ನ ಮುಂದೆ ಕೂತ್ಕೊಂಡ್ ತಿನ್ನಿ. ನೀವು ಹೊಟ್ಟೆ ತುಂಬಾ ತಿಂದಿದ್ದು ನೋಡಿ ಎಷ್ಟ್ ದಿನ ಆಯ್ತು" ಎಂದಳು.

ಆ ಭಾನುವಾರ ಅಕ್ಕ ಸಾರು ಮಾಡಿದಳು. ಯಾವುದನ್ನೂ ಚೆಲ್ಲಲಿಲ್ಲ, ಯಾವುದಕ್ಕೂ ಕೈ ಬಿಗಿಹಿಡಿಯಲಿಲ್ಲ. ಇವಳ ಮಂಚದ ಮುಂದೆ ನೆಲದ ಮೇಲೆ ನಾವಿಬ್ಬರೂ ತಟ್ಟೆ ಇಟ್ಟುಕೊಂಡು ಕೂತೆವು. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟೆವು. ಅವಳು ದಿಂಬಿಗೆ ಒರಗಿ ನೋಡುತ್ತಿದ್ದಳು. ಮದುವೆಮನೆಯಲ್ಲಿ ಪಂಕ್ತಿ ವಿಚಾರಿಸುವವಳ ಹಾಗೆ, "ಅಮ್ಮ, ಮಾವನಿಗೆ ಇನ್ನೊಂದು ಸೌಟು ಹಾಕು. ಕಾಲಿನ ತುಂಡು ಹಾಕು, ಅವನಿಗೆ ಅದೇ ಇಷ್ಟ" ಎಂದಳು. ಅಕ್ಕ ಹಾಕಿದಳು. ನಾನು ತಿಂದೆ. ಇಬ್ಬರ ಕಣ್ಣಲ್ಲೂ ನೀರು ಇಳಿಯುತ್ತಿದ್ದುದನ್ನು ಅವಳು ನೋಡಿಯೂ ನೋಡದವಳಂತೆ, "ಖಾರ ಜಾಸ್ತಿ ಆಗಿದೆ ಅಲ್ವಾ?" ಎಂದಳು.

"ಊಂ ಕಣವ್ವ, ವಸಿ ಜಾಸ್ತಿ ಆಯ್ತು" ಎಂದಳು ಅಕ್ಕ.

ಕೊನೆಗೆ ಇವಳೇ ಕೈ ಚಾಚಿದಳು. ಅಕ್ಕ ಒಂದು ಚಮಚ ಸಾರು ಕುಡಿಸಿದಳು. ಅದನ್ನು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ್ದವಳು, ನುಂಗಿ, "ಸಾಕು" ಎಂದಳು.

ಅದಾದ ಕೆಲವು ವಾರಗಳಿಗೆ, ಬೆಳಿಗ್ಗೆ ಡಯಾಲಿಸಿಸ್‌ಗೆ ಹೊರಡಲು ಸೀರೆ ಸುತ್ತಿಕೊಂಡು ಸಿದ್ಧವಾಗಿದ್ದವಳು, ಮಂಚದ ಮೇಲೆ ಒಂದು ನಿಮಿಷ ಒರಗಿಕೊಳ್ಳುತ್ತೇನೆ ಎಂದು ಒರಗಿದವಳು ಏಳಲಿಲ್ಲ. ಆಟೋದವನು ಹೊರಗೆ ಹಾರ್ನ್ ಮಾಡುತ್ತಲೇ ಇದ್ದ. ಅಕ್ಕ ಹೋಗಿ, "ಬೇಡ ಓಗಪ್ಪಾ, ಇವತ್ತು ಬರಾಕಿಲ್ಲ" ಎಂದು ಹೇಳಿ ಬಂದು, ಆಮೇಲೆ ಮಗಳ ಮೇಲೆ ಬಿದ್ದು ಅತ್ತಳು.

ಬಂದವರಿಗೆ ನಮ್ಮಿಬ್ಬರಲ್ಲಿ ಯಾರನ್ನು ಮೊದಲು ಸಮಾಧಾನ ಮಾಡುವುದೋ ತಿಳಿಯುತ್ತಿರಲಿಲ್ಲ. ಕೆಲವರು ಅಕ್ಕನ ಕೈ ಹಿಡಿದರು, ಕೆಲವರು ನನ್ನ ಕೈ ಹಿಡಿದರು. "ನಂಗೆ ಮಗಳು ಓದ್ಲು, ನನ್ನ ತಮ್ಮಂಗೆ ಎಂಡ್ತಿ ಓದ್ಲು. ಒಂದೇ ಮನೇಲಿ ಎಲ್ಡು ಸಾವು" ಎನ್ನುತ್ತಿದ್ದಳು ಅಕ್ಕ, ಬಂದವರಿಗೆಲ್ಲ. ತಿಥಿ ಮುಗಿದ ಮೇಲೆ ಅವಳು ಊರಿಗೆ ಹೊರಟಳು. ಆ ಮಂಚ ಇರುವ ಕೋಣೆಯಲ್ಲಿ ತನಗೆ ನಿದ್ದೆ ಬರುವುದಿಲ್ಲ ಎಂದಳು. ನಾನೂ ತಡೆಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪಿತೃಪಕ್ಷಕ್ಕೆ ಎಡೆ ಇಡಬೇಕಾಗಿತ್ತು. ಹಿಂದಿನ ದಿನ ಮಧ್ಯಾಹ್ನವೇ ಅಕ್ಕ ಬಂದಳು. ನಾನು ಅನ್ನ ಮಾಡಿ, ಹುರುಳಿಕಾಯಿ ಪಲ್ಯ ಬಾಡಿಸಿ ಬಡಿಸಿದೆ. ಅಕ್ಕ ಎರಡು ತುತ್ತು ತಿಂದು ಕೈ ನಿಲ್ಲಿಸಿದಳು.

"ಯಾಕಕ್ಕ, ಬೆಂದಿಲ್ವಾ?"

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ದಿನಾ ಇಂಗೇ ತಿಂತಿದ್ದೀಯೇನೋ?"

"ಹೇಗೆ?"

"ಉಪ್ಪೇ ಇಲ್ವಲ್ಲೋ."

ನಾನು ಇನ್ನೊಂದು ತುತ್ತು ಬಾಯಿಗಿಟ್ಟು ನೋಡಿದೆ. ಹೌದು, ಇರಲಿಲ್ಲ. ಅಷ್ಟು ತಿಂಗಳೂ ನನಗೆ ಅದು ಗೊತ್ತೇ ಆಗಿರಲಿಲ್ಲ. ಕೈ ಅದರ ಪಾಡಿಗೆ ಅದು ಹಾಗೆಯೇ ಮಾಡಿಕೊಂಡು ಬಂದಿತ್ತು. ಅಕ್ಕ ಎಂಜಲು ಕೈಯಲ್ಲೇ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಹೆಂಡತಿ ತೀರಿಕೊಂಡ ದಿನ ಬಾರದ ಅಳು ನನಗೆ ಆಗ ಬಂತು. ಅಕ್ಕ ಎದ್ದು ಉಪ್ಪಿನ ಡಬ್ಬ ಹುಡುಕಿದಳು. ಉಪ್ಪೆಲ್ಲ ತೇವಕ್ಕೆ ಗಟ್ಟಿಯಾಗಿ ಹೆಂಟೆಕಟ್ಟಿತ್ತು.

"ನೀನು ಕೂತ್ಕೋ. ನಾನು ಅಂಗಡಿಗೆ ಓಗಿ ಬತ್ತೀನಿ" ಎಂದು ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ಮಂಡಿನೋವಿನ ಕಾಲು ಎಳೆಯುತ್ತಾ ಅವಳು ಗೇಟು ದಾಟುವುದನ್ನು ಕಿಟಕಿಯಿಂದ ನೋಡಿದೆ. ಆಮೇಲೆ ನಾನೂ ಎದ್ದು, ಬಾಗಿಲು ಎಳೆದುಕೊಂಡು, ಅವಳ ಜೊತೆಗೆ ಹೋದೆ.