ಅತ್ತೆಯ ಬಾಯಿ ಕಟ್ಟಿದವಳು

ಡಾಕ್ಟರು ಹಾಗೆ ಹೇಳಿಯೇ ಇರಲಿಲ್ಲ. ಸುಳ್ಳು ಹೇಳಿದವಳು ನಾನು — ಗಂಡನಿಗೆ, ಅತ್ತೆಗೆ, ಆಮೇಲೆ ಕೇಳಿದವರಿಗೆಲ್ಲ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಜನ ಹೆದರಿದ್ದ ಕಾಲ. ನಾವು ಅಮೆರಿಕದ ಕೆಂಡಲ್ ಪಾರ್ಕಿನಲ್ಲಿದ್ದೆವು. ನನ್ನ ಗಂಡ ಶ್ರೀಧರ್ ಬೆಳಿಗ್ಗೆ ಆಫೀಸಿಗೆ ಹೋದರೆ ಕತ್ತಲಾದ ಮೇಲೇ ಬರುತ್ತಿದ್ದರು. ನನಗಿದ್ದದ್ದು ಎಚ್-ಫೋರ್ ವೀಸಾ, ಕೆಲಸಕ್ಕೆ ಬಂದವರ ಹೆಂಡತಿಗೆ ಕೊಡುವಂಥದ್ದು. ಇಂಜಿನಿಯರಿಂಗ್ ಓದಿದ್ದರೂ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ನನ್ನ ಪಾಲಿಗೆ ಇದ್ದವಳು ಮಗಳು ಮೇಘನಾ ಒಬ್ಬಳೇ. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ.

ಎರಡು ವರ್ಷ ತುಂಬಿದ ಮೇಲೆ ಆಪರೇಷನ್ ಆಯಿತು. ಕಿವಿಯ ಹಿಂದೆ, ಚರ್ಮದಡಿ ಒಂದು ಪುಟ್ಟ ಯಂತ್ರ. ಹೊರಗಿನಿಂದ ಅದಕ್ಕೆ ಅಂಟಿಕೊಳ್ಳುವ ಒಂದು ಬಿಲ್ಲೆ. ಮಗುವನ್ನು ನೋಡಿಕೊಳ್ಳಲು ಅತ್ತೆ ಮೈಸೂರಿನಿಂದ ಬಂದಿದ್ದರು. ಬಾಯಿಗೆ ಬಿಡುವೇ ಇಲ್ಲದ ಹೆಂಗಸು. ಏನೂ ಕೇಳಿಸದ ಮಗುವನ್ನೇ ಮಾತಾಡಿಸುತ್ತಿದ್ದವರು, ಯಂತ್ರ ಬಂದ ಮೇಲೆ ಕೇಳಬೇಕೆ!

ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದ "ಪುಟ್ಟೀ..." ಎಂದು ಕೂಗಿದರು. ಮೇಘನಾ ತಿರುಗಿದಳು. ಬಿಲ್ಲೆ ಹಾಕಿದ ದಿನದಿಂದ ನಾನು ಕರೆದಿದ್ದೆ, ಚಪ್ಪಾಳೆ ತಟ್ಟಿದ್ದೆ, ತಟ್ಟೆ ಬಡಿದಿದ್ದೆ — ನನಗೆ ತಿರುಗಿರಲಿಲ್ಲ. ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದರು. "ನೋಡ್ದ್ಯೇನೇ, ನನ್ ಬಂಗಾರ ನನ್ ಕೂಗಿಗೆ ತಿರುಗ್ತು!" ನಾನೂ ನಕ್ಕೆ. ಹೊಟ್ಟೆ ಉರಿಯಿತು.

ಅದೇ ವಾರ ಡಾಕ್ಟರು ನನಗೆ ಹೇಳಿದ್ದು ಇಷ್ಟೇ: ಮನೆಯಲ್ಲಿ ಯಾವ ಭಾಷೆ ಸಲೀಸೋ ಅದರಲ್ಲೇ ಮಾತಾಡಿ, ಅಜ್ಜಿ ಇದ್ದಾರಲ್ಲ, ಒಳ್ಳೆಯದಾಯಿತು. ಆ ಕೋಣೆಯಲ್ಲಿ ನಮ್ಮವರು ಬೇರೆ ಯಾರೂ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಾನೆಂದೆ —

"ಮನೇಲಿ ಬರೀ ಇಂಗ್ಲಿಷೇ ಮಾತಾಡ್ಬೇಕಂತೆ. ಎರಡು ಭಾಷೆ ಕೇಳಿದ್ರೆ ಮಗುಗೆ ಕನ್‌ಫ್ಯೂಸ್ ಆಗತ್ತಂತೆ. ಡಾಕ್ಟ್ರು ಹೇಳಿದ್ರು."

ಶ್ರೀಧರ್ ತಾಯಿಯ ಮುಖ ನೋಡಿದರು. ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ಮಗು ಚೆನ್ನಾಗಾದ್ರೆ ಸಾಕಪ್ಪ," ಎಂದರು ಅತ್ತೆ. "ನಾನ್ ಬಾಯ್ ಮುಚ್ಕೊಂಡಿರ್ತೀನಿ."

ಹಾಗೇ ಇದ್ದರು. ಮಗುವಿನ ಎದುರು ಒಂದು ಮಾತಿಲ್ಲ. ತುತ್ತು ಹಿಡಿದು, ತಾವೇ ಬಾಯಿ ತೆರೆದು ತೋರಿಸುತ್ತಿದ್ದರು. ವೀಸಾ ಮುಗಿದು ಹೊರಟಾಗ, ನೂವರ್ಕ್ ಏರ್‌ಪೋರ್ಟಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ಒಂದೇ ಒಂದ್ ಸಲ ಪುಟ್ಟೀ ಅಂತ ಕರೀಲೇನಮ್ಮ? ಏನೂ ಆಗಲ್ವಲ್ಲ?"

"ಬೇಡ ಅತ್ತೆ. ರಿಸ್ಕ್ ಯಾಕೆ?"

ಇದನ್ನು ನಾನು ಹೇಳಿದೆ — ಈ ಬಾಯಿಂದಲೇ. ಅವರು ತಲೆಯಾಡಿಸಿ, ಮಗುವಿಗೆ ಕೈಬೀಸಿ ಒಳಗೆ ಹೋದರು. ಮರುವರ್ಷ ತೀರಿಕೊಂಡರು.

ಬಹಳ ವರ್ಷ ಬೇರೊಂದು ಕಾರಣ ಹೇಳಿಕೊಂಡೆ. ಯಾರದೋ ಮನೆಯ ಪಾಟ್‌ಲಕ್ ಊಟದಲ್ಲಿ ಅತ್ತೆ "ನಮ್ ಕಡೆ ಯಾರ್ಗೂ ಹೀಗಿಲ್ಲಪ್ಪ" ಅಂದಿದ್ದರು, ಅದಕ್ಕೇ ಎಂದು. ಅಂದದ್ದು ನಿಜ, ನೊಂದದ್ದೂ ನಿಜ. ಆದರೆ ಅದಲ್ಲ. ಆ ಬೆಳಿಗ್ಗೆ ಮಗು ನನ್ನ ದನಿಗೆ ತಿರುಗಿದ್ದರೆ — ಹೋಗಲಿ.

ಆಮೇಲೆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ. ಮನೆಯಲ್ಲಿ ಇಂಗ್ಲಿಷೇ ಉಳಿಯಿತು. ಮಗಳು ಚೆನ್ನಾಗಿ ಓದಿದಳು, ಈಗ ಹತ್ತಿರದ ಹ್ಯಾರಿಸನ್‌ನಲ್ಲಿದ್ದಾಳೆ, ಮಾತು ಕಲಿಸುವ ಸೆಷನ್ನುಗಳಿಗೆ ನಾನು ಪಟ್ಟ ಓಡಾಟವನ್ನು ಎಲ್ಲರೆದುರು ಹೊಗಳುತ್ತಾಳೆ. ನಾನು ಬೇಡ ಎನ್ನುವುದಿಲ್ಲ.

ಮೊನ್ನೆ ಆ ಕಾಲದ ವಿಡಿಯೋ ಟೇಪುಗಳನ್ನು ಕಂಪ್ಯೂಟರಿಗೆ ಹಾಕಿಸಿ ತಂದಿದ್ದಳು. ಅತ್ತೆ ಅವಳಿಗೆ ಜಡೆ ಹೆಣೆಯುತ್ತಾರೆ, ಉಣ್ಣಿಸುತ್ತಾರೆ, ತುಟಿ ಬಿಗಿಹಿಡಿದುಕೊಂಡೇ.

"ಅಮ್ಮಾ, ವಾಸ್ ಅಜ್ಜಿ ಮ್ಯೂಟ್?" ಎಂದು ಕೇಳಿದಳು.

"ನೋ, ಜಸ್ಟ್ ಕ್ವಯಟ್," ಎಂದೆ.

ಅಳು ಬರಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ.

ಇವತ್ತು ಶ್ರೀಧರ್‌ಗೆ ಎಲ್ಲ ಹೇಳಿದೆ. ಅವರು ಹೋಗಿ ಕಾರಿನಲ್ಲಿ ಕೂತರು. ಇನ್ನೂ ಅಲ್ಲೇ ಇದ್ದಾರೆ, ಕಿಟಕಿಯಿಂದ ಕಾಣುತ್ತಿದೆ.

ಭಾನುವಾರ ಮೇಘನಾ ಊಟಕ್ಕೆ ಬರುತ್ತಾಳೆ. ಅವಳಿಗೆ ಇಂಗ್ಲಿಷಿನಲ್ಲೇ ಹೇಳಬೇಕು — ಹಾಗೆ ಮಾಡಿಟ್ಟವಳು ನಾನೇ. ಮೊದಲು ತಿರುಗಿದ್ದು ಅಮ್ಮನ ದನಿಗೆ ಎಂದು ಚಿಕ್ಕಂದಿನಿಂದ ನಂಬಿಸಿದ್ದೇನೆ. ಅಲ್ಲಿಂದ ಶುರು ಮಾಡುತ್ತೇನೆ: ನಿನ್ನನ್ನು ತಿರುಗಿಸಿದ ದನಿ ನನ್ನದಲ್ಲ, ಅಜ್ಜಿಯದು.