ಕೊಪ್ಪರಿಗೆಯ ಮಸಿ

ಮೇಡಂ ಕೊಪ್ಪರಿಗೆಯ ತಳದ ಮೇಲೆ ತೋರುಬೆರಳು ಎಳೆದು ಮೂಗಿಗೆ ಹಿಡಿದು ಮೂಸಿದರು. ಆ ಬೆರಳಿನ ಉಗುರಿನ ಸಂದಿನಲ್ಲಿ ಯಾವಾಗಲೂ ಮಸಿ ಇರುತ್ತಿತ್ತು. ಅವತ್ತು ಬೆರಳಿಗೆ ಏನೂ ಹತ್ತಲಿಲ್ಲ.

"ಹುಣಸಿಹಣ್ಣು ಹಚ್ಚಿ ತಿಕ್ಕೀದೇನು?"

"ಹೌದು ಮೇಡಂ. ಉಪ್ಪೂ ಹಾಕಿದೆ."

"ಯಾರು ಹೇಳಿದ್ರು ನಿನಗ?"

"ಕ್ಯುರೇಟರ್ ಸಾರೇ ಹೇಳಿದ್ದು. ನಾಳೆ ನೀವು ಫೋಟೋ ತೆಗೀತೀರಿ, ಕ್ಲೀನ್ ಮಾಡಿಡು ಅಂತ."

"ಧೂಳ ಹೊಡಿ ಅಂದಿರ್ತಾರ, ಮಂಗ್ಯಾ."

ಇಪ್ಪತ್ತಾರು ವರ್ಷದವನನ್ನು ಮಂಗ್ಯಾ ಎಂದರು. ನನಗೆ ಸಿಟ್ಟು ಬಂತು. ಮುಸುರೆ ಪಾತ್ರೆಯನ್ನು ಹೊರಗಿನವರ ಮುಂದೆ ಇಡಬಾರದು ಎಂದು ನಮ್ಮಲ್ಲಿ ಮೊದಲು ಕಲಿಸುತ್ತಾರೆ. ನನ್ನಪ್ಪ ಕುಂದಾಪುರದ ಕಡೆಯಿಂದ ಬಂದು ಮದ್ರಾಸಿನ ಪ್ಯಾರೀಸ್ ಕಾರ್ನರಿನ ಒಂದು ಹೋಟೆಲಿನ ಅಡುಗೆಮನೆಯಲ್ಲೇ ಮುದುಕರಾದವರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ನಾನೂ ಅಲ್ಲೇ ಪಾತ್ರೆ ತೊಳೆದೆ. ಆಮೇಲೆ ಬೆಸೆಂಟ್ ನಗರದ ಈ ಸಣ್ಣ ಮ್ಯೂಸಿಯಮ್ಮಿನ ಉಗ್ರಾಣಕ್ಕೆ ಸೇರಿದೆ. ಕೊಪ್ಪರಿಗೆ ಯಾವುದೋ ಹಳೇ ಛತ್ರದ್ದು, ತಾಮ್ರದ್ದು. ಒಳಗೆ ಕರಕಲು, ಹೊರಗೆ ದಪ್ಪ ಮಸಿ. ಮೂರು ಗಂಟೆ ತಿಕ್ಕಿದ್ದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಆ ಮಸಿಯ ಮೇಲೆಯೇ ಅವರ ಅರ್ಜಿ ನಿಂತಿತ್ತು. ಪಿಎಚ್‌ಡಿ ಮುಗಿಸಿದವರು ಎರಡು ವರ್ಷ ನಮ್ಮಲ್ಲಿ ಕೂತು ಸಂಶೋಧನೆ ಮಾಡಲು ಒಂದು ಫೆಲೋಶಿಪ್ ಇದೆ. ಒಬ್ಬರಿಗೇ ಕೊಡುತ್ತಾರೆ. ನಲವತ್ತು ತುಂಬಿದವರಿಗೆ ಇಲ್ಲ. ಮೇಡಂಗೆ ಆಗ ಮೂವತ್ತೊಂಬತ್ತು. ಪಾತ್ರೆಯ ಮಸಿ, ಕರಕಲು ನೋಡಿ ಅದರಲ್ಲಿ ಏನು ಬೇಯುತ್ತಿತ್ತು, ಎಂಥ ಒಲೆ ಎಂದು ಹೇಳುವುದು ಅವರ ಸಂಶೋಧನೆ. ಈ ಕೊಪ್ಪರಿಗೆಯ ಮಸಿಯನ್ನು ಅವರು ಇನ್ನೂ ಹತ್ತಿರದಿಂದ ನೋಡಿರಲೇ ಇಲ್ಲ. ಅರ್ಜಿಯ ಕೊನೆಯ ದಿನಕ್ಕೆ ಒಂಬತ್ತು ದಿನ ಉಳಿದಿತ್ತು. ಪುರಾವೆಯನ್ನು ನಾನು ಬಚ್ಚಲಿಗೆ ಹರಿಸಿದ್ದೆ.

ಕ್ಯುರೇಟರ್ ಸಾರ್ ಬಂದರು. ತಮಿಳಿನಲ್ಲಿ ಮೇಡಂಗೆ ಹೇಳಿದರು: ದೂರು ಬರೆದುಕೊಡಿ, ಇವನನ್ನು ಇವತ್ತೇ ಕಳಿಸುತ್ತೇನೆ, ತಪ್ಪು ನಮ್ಮದು ಎಂದು ನಿಮಗೆ ಇನ್ನೊಂದು ತಿಂಗಳು ಕೊಡಿಸುತ್ತೇನೆ, ಬೇರೆ ಊರಿನ ಪಾತ್ರೆ ಹುಡುಕಿಕೊಳ್ಳಿ. ಮೇಡಂ "ವೇಂಡಾಂ" ಎಂದರು. ಬೇಡ, ಅಷ್ಟೇ. ಸಾರ್ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಕ್ಷಮಾ ಮಾಡೀನಂತ ತಿಳ್ಕೋಬ್ಯಾಡ. ನಿನ್ನ ನೌಕರಿ ತಗೊಂಡು ನಾ ಏನ್ ಮಾಡ್ಲಿ? ನಿನ್ನ ಕೈ ಬೇಕು ನನಗ."

ಒಂಬತ್ತು ದಿನ ಅವರ ಎದುರು ಕೂತೆ. ಅವರ ತಂದೆ ರೈಲ್ವೆ ಕೆಲಸಕ್ಕೆಂದು ಹುಬ್ಬಳ್ಳಿಯಿಂದ ಬಂದವರಂತೆ. ಮಗಳು ಹುಟ್ಟಿ ಬೆಳೆದದ್ದು ಮದ್ರಾಸಿನಲ್ಲೇ, ನಾಲಿಗೆ ಮಾತ್ರ ಹುಬ್ಬಳ್ಳಿಯದು. ತುರುಬಿನಲ್ಲಿ ಪೆನ್ಸಿಲ್ ಸಿಕ್ಕಿಸಿರುತ್ತಿದ್ದರು. ಆರಿದ ಚಪಾತಿಯನ್ನು ಜಗಲಿಯಲ್ಲಿ ನಿಂತೇ ತಿನ್ನುತ್ತಿದ್ದರು, ಯಾರನ್ನೂ ಬಾ ಎನ್ನುತ್ತಿರಲಿಲ್ಲ. ನನ್ನ ಹೆಸರು ಹಿಡಿದು ಒಂದು ದಿನವೂ ಕರೆಯಲಿಲ್ಲ.

"ಮಸಿ ಯಾವ ಬಾಜೂಕ ದಪ್ಪ ಇತ್ತು?"

"ಈ ಬದಿ."

"ಖರೇನೋ, ಅಂದಾಜೋ?"

"ಆ ಬದಿ ತಿಕ್ಕಿ ತೋಳು ನೋವು ಬಂತು ಮೇಡಂ. ಅಂದಾಜು ಎಂಥದ್ದು?"

ಅದನ್ನೂ ಬರೆದುಕೊಂಡರು. "ಗೊತ್ತಿಲ್ಲಂದ್ರ ಗೊತ್ತಿಲ್ಲನ್ನು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಒಳಗಿನ ಕರಕಲಿನ ಬಗ್ಗೆ ಕೇಳಿದಾಗ ನಾನು ಇದ್ದದ್ದು ಹೇಳಿದೆ. ಅನ್ನ ತಳ ಹಿಡಿದದ್ದು ನೆನೆದರೆ ಹಾಳೆಯ ಹಾಗೆ ಏಳುತ್ತದೆ. ಬೆಲ್ಲದ್ದು ಗಾಜಿನ ಹಾಗೆ ಒಡೆಯುತ್ತದೆ. ಇದು ಎರಡೂ ಅಲ್ಲ. ಸಿಪ್ಪೆ ಸಿಪ್ಪೆಯಾಗಿ ಉದುರಿತ್ತು, ಹುರುಳಿ ಬೇಯಿಸಿದ ಪಾತ್ರೆಯ ಹಾಗೆ.

ಮೇಡಂ ಪೆನ್ಸಿಲ್ ಕೆಳಗಿಟ್ಟರು. "ಛತ್ರದಾಗ ಇಷ್ಟ್ ದೊಡ್ಡ ಪಾತ್ರ್ಯಾಗ ಹುರಳಿ ಯಾರಿಗಿ ಕುದಸ್ತಿದ್ರು? ಎತ್ತಿಗಿ. ಗಾಡಿ ಎತ್ತಿಗಿ."

ನಮ್ಮ ಮ್ಯೂಸಿಯಮ್ಮಿನ ಚೀಟಿಯಲ್ಲಿ ಅದು ಅನ್ನದಾನದ ಕೊಪ್ಪರಿಗೆ. ಚೀಟಿ ಬರೆದವರು ಸಾರ್. ಅರ್ಜಿ ಓದಿ ಅವರ ಮುಖ ಕೆಂಪಾಯಿತು. ಎತ್ತಿನ ವಿಷಯ ಹಾಳಾಗಲಿ, ತೊಳೆಯುವವನ ಮಾತು ಪುರಾವೆಯಲ್ಲ, ಇವನ ಹೆಸರು ತೆಗೆಯಿರಿ, ನೀವೇ ನೋಡಿದ್ದು ಎಂದು ಬರೆಯಿರಿ ಎಂದರು. ತಾನು ನೋಡಿಲ್ಲ, ನೋಡಿದವನು ಇವನು ಎಂದರು ಮೇಡಂ.

ನಾನೂ ಹೇಳಿದೆ. "ಮೇಡಂ, ನನ್ನ ಹೆಸ್ರು ತೆಗೀರಿ. ಹೊಡೆತ ನಿಮಗೇ."

"ಹೆಸರು ನಿಂದು, ಅರ್ಜಿ ನಂದು. ಸುಮ್ಮನ ಸ್ಪೆಲ್ಲಿಂಗ್ ಹೇಳು."

ಸಂದರ್ಶನದ ದಿನ ನನ್ನನ್ನೂ ಒಳಗೆ ಕರೆದರು. ಮೂವರು ಕೂತಿದ್ದರು. ಎಷ್ಟು ಓದಿದ್ದೀಯ ಎಂದು ತಮಿಳಿನಲ್ಲಿ ಕೇಳಿದರು. ಒಂಬತ್ತು ಎಂದೆ. ಒಬ್ಬ ನಕ್ಕ. ಮೇಡಂ ಇಂಗ್ಲಿಷಿನಲ್ಲಿ ಏನೋ ಅಂದರು, ಅವನ ನಗು ನಿಂತಿತು. ಹೊರಗೆ ಬಂದು ಎಂಥ ಹೇಳಿದ್ರಿ ಎಂದು ಕೇಳಿದೆ.

"ನಿನಗ್ಯಾಕ?"

ಫೆಲೋಶಿಪ್ ಬೇರೆಯವರಿಗೆ ಹೋಯಿತು. ಎರಡು ತಿಂಗಳಿಗೆ ಮೇಡಂಗೆ ನಲವತ್ತು ತುಂಬಿತು. ಈಗ ಊರಿನ ಉತ್ತರಕ್ಕೆ ಮಣಲಿ ಕಡೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾರಂತೆ. ಹೋಗುವ ದಿನ ಗುರುತಿನ ಚೀಟಿ ವಾಪಸು ಕೊಡಲು ಬಂದವರು ಅರ್ಜಿಯ ಪ್ರತಿಯನ್ನು ನನ್ನ ಮೇಜಿನ ಮೇಲೆ ಎಸೆದು, "ಹನ್ನೊಂದನೇ ಪುಟ" ಎಂದರು. ಎಲ್ಲ ಇಂಗ್ಲಿಷಿನಲ್ಲಿತ್ತು, ನನ್ನ ಹೆಸರಷ್ಟೇ ಓದಲು ಬಂತು. ಕೆಳಗಿನ ಸಾಲನ್ನು ಟಿಕೆಟ್ ಕೊಡುವ ಹುಡುಗಿ ಓದಿ ಹೇಳಿದಳು: ಈ ಪಾತ್ರೆಯ ಮಸಿಯನ್ನು ಬಲ್ಲವನು ಇವನೊಬ್ಬನೇ, ಅದನ್ನು ತೊಳೆದವನೂ ಇವನೇ.

ಅವರು ನನಗೆ ಇಷ್ಟವಿರಲಿಲ್ಲ. ಈಗಲೂ ಇಷ್ಟ ಎನ್ನಲಾರೆ. ನಾನು ತಪ್ಪಾಯಿತು ಎನ್ನಲಿಲ್ಲ, ಅವರು ಅದಕ್ಕಾಗಿ ನಿಲ್ಲಲೂ ಇಲ್ಲ. ಆದರೆ ಒಂದು ದೂರು ಬರೆದಿದ್ದರೆ ಇವತ್ತು ಈ ಮ್ಯೂಸಿಯಮ್ಮಿನಲ್ಲಿ ಅವರಿರುತ್ತಿದ್ದರು, ನಾನು ಹೋಟೆಲಿನ ಬಚ್ಚಲಲ್ಲಿ.

ಚೀಟಿಯಲ್ಲಿ ಇನ್ನೂ ಅನ್ನದಾನ ಎಂದೇ ಇದೆ. ಬಂದವರು ಕೇಳಿದರೆ ನಾನು ಎತ್ತಿನದು ಎನ್ನುತ್ತೇನೆ. ಸಾರ್ ಏನನ್ನಾದರೂ ಕ್ಲೀನ್ ಮಾಡು ಎಂದರೆ, ಧೂಳಾ, ಮಸಿಯಾ ಎಂದು ಕೇಳುತ್ತೇನೆ. ಎದುರು ಮಾತಾಡಬೇಡ ಎನ್ನುತ್ತಾರೆ. ಆದರೂ ಕೇಳುತ್ತೇನೆ.

ಇಷ್ಟೇ. ಇದಕ್ಕಿಂತ ಜಾಸ್ತಿ ಹೇಳಲು ನನ್ನ ಹತ್ತಿರ ಏನೂ ಇಲ್ಲ.